ಬಹುವಿಶ್ವದ ಬರಹಗಳಲ್ಲಿ ‘ವೀಕ್ಷಕ’ ಎಂದರೆ ಯಾರು?

ಸಂಪಾದಕರಿಗೆ,

ಮಾನ್ಯರೇ,

ನಮ್ಮದಲ್ಲದೆ ಇನ್ನೂ ಅನೇಕ ವಿಶ್ವಗಳಿವೆ ಎನ್ನುವ ಬಹುವಿಶ್ವದ ಬಗ್ಗೆ, ಎಲ್ಲವನ್ನೂ ಒಂದೇ ಸೂತ್ರದಲ್ಲಿ ಹಿಡಿಯಲು ಹೊರಟ ಸರ್ವಸಿದ್ಧಾಂತದ ಬಗ್ಗೆ ಕನ್ನಡ ಪತ್ರಿಕೆಗಳ ವಿಜ್ಞಾನ ಪುಟಗಳಲ್ಲಿ ಬರಹಗಳು ಬರುತ್ತಿರುವುದು ಸಂತೋಷದ ವಿಷಯ. ಆದರೆ ಅವುಗಳಲ್ಲಿ ಅನೇಕವು ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ನೋಡುವವನಿಲ್ಲದೆ ಜಗತ್ತಿಲ್ಲ, ಇದನ್ನು ವಿಜ್ಞಾನವೂ ಒಪ್ಪಿದೆ ಎಂದು. ವಿಜ್ಞಾನ ಅದನ್ನು ಒಪ್ಪಿಲ್ಲ. ಅದು ಒಪ್ಪಿರುವ ಸಂಗತಿಗಳು ಬೇರೆ, ಅವು ಒಂದಲ್ಲ, ಕನಿಷ್ಠ ಮೂರು. ಮೂರಕ್ಕೂ ನಾವು ‘ವೀಕ್ಷಕ’ ಎಂಬ ಒಂದೇ ಪದ ಬಳಸುತ್ತಿರುವುದರಿಂದ ಗೊಂದಲ ಬೆಳೆದಿದೆ. ಅದನ್ನು ಬಿಡಿಸಿ ಹೇಳುವುದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಮನ್ನಿಸಬೇಕು.

ನಮ್ಮ ಜಿಲ್ಲೆಯವರಿಗೆಲ್ಲ ನೆನಪಿರುವ ಒಂದು ಬೆಳಗ್ಗಿನಿಂದಲೇ ಆರಂಭಿಸಬಹುದು. 2019ರ ಡಿಸೆಂಬರ್ 26ರಂದು ಚೆರುವತ್ತೂರಿನಲ್ಲಿ, ಕಾಸರಗೋಡಿನಲ್ಲಿ ನಿಂತವರಿಗೆ ಸೂರ್ಯ ಉಂಗುರವಾಗಿ ಕಂಡ. ಅದೇ ಹೊತ್ತಿಗೆ ಬೆಂಗಳೂರಿನವರಿಗೆ ಕಂಡದ್ದು ಕುಡುಗೋಲಿನಂಥ ತುಂಡು ಸೂರ್ಯ. ಸೂರ್ಯ ಅದೇ, ಚಂದ್ರ ಅದೇ, ಗುರುತ್ವದ ನಿಯಮವೂ ಅದೇ. ಉಂಗುರವನ್ನು ನೋಡಿದವರು ಉಂಗುರವನ್ನು ಉಂಟುಮಾಡಲಿಲ್ಲ. ಆದರೂ ‘ಇಂಥಲ್ಲಿ ಇಂಥದ್ದು ಕಾಣುತ್ತದೆ’ ಎಂದು ಮೊದಲೇ ಹೇಳಬೇಕಿದ್ದರೆ ನಿಯಮವೊಂದೇ ಸಾಲದು, ನಿಂತ ಜಾಗದ ಅಕ್ಷಾಂಶ ರೇಖಾಂಶಗಳೂ ಬೇಕು. ಪಂಚಾಂಗ ನೋಡುವವರಿಗೆ ಇದು ಹೊಸತಲ್ಲ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ 7.5 ಡಿಗ್ರಿಗೆ 30 ನಿಮಿಷ. ಹಾಗಾಗಿ ನಮ್ಮೂರಿನ ನಿಜವಾದ ನಡುಹಗಲು ವರ್ಷದ ಸರಾಸರಿಯಲ್ಲಿ 12 ಗಂಟೆ 30 ನಿಮಿಷಕ್ಕೆ, ತಿಂಗಳಿಗನುಗುಣವಾಗಿ ಕಾಲು ಗಂಟೆಯಷ್ಟು ಆಚೀಚೆ. ವಿಳಾಸ ತಪ್ಪಿದರೆ ನಿಯಮ ಸರಿಯಿದ್ದೂ ಲೆಕ್ಕ ತಪ್ಪುತ್ತದೆ. ಸರ್ವಸಿದ್ಧಾಂತದಲ್ಲಿ ವೀಕ್ಷಕನ ಸ್ಥಾನದ ಪ್ರಶ್ನೆ ಮುಖ್ಯವಾಗಿ ಈ ವಿಳಾಸದ ಪ್ರಶ್ನೆ. ಅಲ್ಲಿಗೆ ಹೋಗುವ ಮುನ್ನ ಉಳಿದ ಎರಡು ಅರ್ಥಗಳನ್ನು ಬೇರೆ ಮಾಡಬೇಕು.

ಮೊದಲನೆಯದು ಕ್ವಾಂಟಂ ವಿಜ್ಞಾನದ ವೀಕ್ಷಕ. ಬೆಳಕನ್ನಾಗಲಿ ಕಣಗಳನ್ನಾಗಲಿ ಪಕ್ಕಪಕ್ಕದ ಎರಡು ಸೀಳುಗಳ ಮೂಲಕ ಹಾಯಿಸಿದರೆ ಆಚೆಯ ಪರದೆಯ ಮೇಲೆ ಒಂದು ಬಿಟ್ಟು ಒಂದರಂತೆ ಪಟ್ಟಿಗಳು ಮೂಡುತ್ತವೆ, ಇವೇ ವ್ಯತಿಕರಣ ಪಟ್ಟಿಗಳು. ಈ ಪ್ರಯೋಗದಲ್ಲಿ ‘ನೋಡಿದರೆ ಪಟ್ಟಿಗಳು ಮಾಯವಾಗುತ್ತವೆ’ ಎಂಬ ಮಾತನ್ನು ಎಲ್ಲರೂ ಓದಿರುತ್ತಾರೆ. ಯಾರ ಕಣ್ಣೂ ಬೇಕಿಲ್ಲ ಎಂಬುದನ್ನು ವಿಯೆನ್ನಾದ ಪ್ರಯೋಗಾಲಯ ಬಹಳ ಸ್ಪಷ್ಟವಾಗಿ ತೋರಿಸಿದೆ. 1999ರಲ್ಲಿ ಆಂಟನ್ ಝೈಲಿಂಗರ್ ಅವರ ತಂಡ 60 ಕಾರ್ಬನ್ ಪರಮಾಣುಗಳ ಫುಲರೀನ್ ಅಣುಗಳನ್ನು ಕುಲುಮೆಯಲ್ಲಿ ಕಾಯಿಸಿ, 100 ನ್ಯಾನೊಮೀಟರ್ ಅಂತರದ ಸೀಳುಗಳ ಮೂಲಕ ಹಾಯಿಸಿ ವ್ಯತಿಕರಣ ಪಟ್ಟಿಗಳನ್ನು ಪಡೆಯಿತು. ಮುಂದೆ 2003ರಲ್ಲಿ 70 ಕಾರ್ಬನ್‌ಗಳ ಅಣುಗಳನ್ನು ಬಳಸಿ, ನಿರ್ವಾತದ ಕೊಳವೆಯೊಳಗೆ ಸ್ವಲ್ಪಸ್ವಲ್ಪವೇ ಅನಿಲ ಬಿಡುತ್ತ ಬಂದರು. ಅನಿಲದ ಒತ್ತಡ ಏರಿದಂತೆ ಪಟ್ಟಿಗಳು ಮಸುಕಾದವು. 2004ರಲ್ಲಿ ಅದೇ ಅಣುಗಳನ್ನು ಲೇಸರ್‌ನಿಂದ ಕಾಯಿಸಿದರು. ಕಾದ ಅಣು ತಾನಾಗಿಯೇ ಬೆಳಕನ್ನು ಹೊರಸೂಸುತ್ತದೆ, ಆ ಬೆಳಕು ಅಣು ಎಲ್ಲಿತ್ತೆಂಬ ಸುದ್ದಿಯನ್ನು ಹೊತ್ತುಕೊಂಡು ಹೋಗುತ್ತದೆ. ಅಷ್ಟು ಸಾಕಾಯಿತು, ಪಟ್ಟಿಗಳು ಕರಗಿದವು. ಆ ಬೆಳಕನ್ನು ಯಾರೂ ಹಿಡಿದು ನೋಡಲಿಲ್ಲ. ಅದು ಕೊಳವೆಯ ಗೋಡೆಗೆ ಬಡಿದು ಹೋಯಿತು. ದಾರಿಯ ದಾಖಲೆ ಜಗತ್ತಿನಲ್ಲಿ ಎಲ್ಲೋ ಒಂದು ಕಡೆ ಉಳಿದರೆ ಸಾಕು, ಓದುವವರು ಬೇಕಿಲ್ಲ. ಇಲ್ಲಿ ‘ವೀಕ್ಷಕ’ ಎಂದು ಬರೆದಲ್ಲೆಲ್ಲ ‘ದಾಖಲೆ’ ಎಂದು ಓದಿಕೊಂಡರೆ ಅರ್ಥ ಕೆಡುವುದಿಲ್ಲ, ಇನ್ನಷ್ಟು ಸ್ಪಷ್ಟವಾಗುತ್ತದೆ.

ಇದನ್ನು ಹೈಸ್ಕೂಲಿನ ಪ್ರಯೋಗಾಲಯದಲ್ಲೇ ತೋರಿಸಬಹುದು. ಅಧ್ಯಾಪಕರಿಗೆ ಉಪಯೋಗವಾದೀತೆಂದು ವಿವರವಾಗಿ ಬರೆಯುತ್ತೇನೆ. ಬೇಕಾದ್ದು ಒಂದು ಕೆಂಪು ಲೇಸರ್ ಪಾಯಿಂಟರ್, ವಿದ್ಯುತ್ ವೈರಿನೊಳಗಿನ ಸುಮಾರು 0.2 ಮಿಲಿಮೀಟರ್ ದಪ್ಪದ ಒಂದು ತಾಮ್ರದ ಎಳೆ, ಮತ್ತು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ದಾಟಿಸುವ ಪೋಲರಾಯ್ಡ್ ಹಾಳೆ. ಹಾಳೆಯನ್ನು ಕೆಟ್ಟ ಎಲ್‌ಸಿಡಿ ಪರದೆಯಿಂದ ಬಿಡಿಸಿಕೊಳ್ಳಬಹುದು. ಕ್ಯಾಲ್ಕುಲೇಟರಿನದ್ದಾದರೆ ಮುಂಬದಿಯದ್ದನ್ನೇ ತೆಗೆದುಕೊಳ್ಳಬೇಕು, ಹಿಂಬದಿಯದ್ದಕ್ಕೆ ಬೆಳ್ಳಿಬಣ್ಣದ ಪ್ರತಿಫಲಕ ಅಂಟಿರುವುದರಿಂದ ಬೆಳಕು ದಾಟದು. ಎಳೆಯನ್ನು ನೆಟ್ಟಗೆ ಎಳೆದು ಕಟ್ಟಿ ಲೇಸರ್ ಕಿರಣದ ನಡುವೆ ನಿಲ್ಲಿಸಿದರೆ, ಕಿರಣ ಎಳೆಯ ಎರಡೂ ಬದಿಯಿಂದ ಹಾದು 3 ಮೀಟರ್ ದೂರದ ಗೋಡೆಯ ಮೇಲೆ ಸುಮಾರು 1 ಸೆಂಟಿಮೀಟರ್ ಅಂತರದ ಪಟ್ಟಿಗಳನ್ನು ಮೂಡಿಸುತ್ತದೆ. ಇನ್ನು ಒಂದೇ ಹಾಳೆಯಿಂದ ಎರಡು ತುಂಡು ಕತ್ತರಿಸಿ, ಒಂದನ್ನು 90 ಡಿಗ್ರಿ ತಿರುಗಿಸಿ, ಎರಡರ ಅಂಚುಗಳನ್ನೂ ಎಳೆಯ ಮೇಲೆಯೇ ಕೂಡಿಸಿ ಅಂಟಿಸಬೇಕು. ಈಗ ಎಡಬದಿಯಿಂದ ಬಂದ ಬೆಳಕಿಗೆ ಒಂದು ಗುರುತು, ಬಲಬದಿಯದಕ್ಕೆ ಇನ್ನೊಂದು. ಗೋಡೆಯ ಮೇಲಿನ ಪಟ್ಟಿಗಳು ಅಳಿಸಿ ಒಂದು ಸಾದಾ ಗೆರೆ ಉಳಿಯುತ್ತದೆ. ಆಮೇಲೆ ಮೂರನೇ ಹಾಳೆಯೊಂದನ್ನು ಎಳೆಗೂ ಗೋಡೆಗೂ ನಡುವೆ, ಎರಡೂ ಗುರುತುಗಳಿಗೆ 45 ಡಿಗ್ರಿ ಓರೆಯಾಗಿ ಹಿಡಿದರೆ ಪಟ್ಟಿಗಳು ಮರಳಿ ಬರುತ್ತವೆ. ಅದೇ ಹಾಳೆಯನ್ನು ಇನ್ನೂ 90 ಡಿಗ್ರಿ ತಿರುಗಿಸಿದರೆ ಪಟ್ಟಿಗಳು ಅದಲುಬದಲಾಗುತ್ತವೆ, ಬೆಳಕಿದ್ದಲ್ಲಿ ಕತ್ತಲೆ, ಕತ್ತಲೆಯಿದ್ದಲ್ಲಿ ಬೆಳಕು. ಮಾಯವಾದಂತೆ ಕಂಡದ್ದು ಈ ಎರಡು ವಿನ್ಯಾಸಗಳು ಒಂದರ ಮೇಲೊಂದು ಬಿದ್ದು ಪರಸ್ಪರ ತುಂಬಿಕೊಂಡಿದ್ದರಿಂದ.

ಕೈಕೊಡುವುದು ಸಾಮಾನ್ಯವಾಗಿ ನಾಲ್ಕು ಕಡೆ. ಲೇಸರ್‌ನ ಬೆಳಕು ಸ್ವತಃ ಒಂದು ದಿಕ್ಕಿನಲ್ಲಿ ಧ್ರುವೀಕೃತವಾಗಿರುತ್ತದೆ, ಅಂದರೆ ಆ ದಿಕ್ಕಿನಲ್ಲೇ ಕಂಪಿಸುತ್ತಿರುತ್ತದೆ. ಅದು ಒಂದು ತುಂಡಿಗೆ ಸರಿಹೊಂದಿದರೆ ಇನ್ನೊಂದರಲ್ಲಿ ಬೆಳಕೇ ದಾಟದೆ, ಒಂದೇ ದಾರಿ ಉಳಿದು ಪಟ್ಟಿ ಅಳಿಯುತ್ತದೆ. ಅದು ಸುಳ್ಳು ಫಲಿತಾಂಶ. ಪಾಯಿಂಟರನ್ನು ಹಿಡಿದಲ್ಲೇ ತಿರುಗಿಸಿ ಎರಡೂ ಬದಿ ಸಮನಾಗಿ ಬೆಳಗುವಂತೆ ಮಾಡಿಕೊಳ್ಳಬೇಕು. ಹಾಳೆಗೂ ಎಳೆಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಗುರುತಿಲ್ಲದ ಬೆಳಕು ನುಸುಳಿ ಪಟ್ಟಿಗಳು ಪೂರ್ತಿ ಅಳಿಯುವುದಿಲ್ಲ. ಹಾಳೆಯಲ್ಲಿ ಅಂಟಿನ ಕಲೆಯಿದ್ದರೆ ಬೆಳಕು ಚೆದುರಿ ಎಲ್ಲವೂ ಮಸುಕಾಗುತ್ತದೆ. ಆದ್ದರಿಂದ ಮೊದಲು ಎರಡೂ ತುಂಡುಗಳನ್ನು ಒಂದೇ ದಿಕ್ಕಿನಲ್ಲಿಟ್ಟು ನೋಡಬೇಕು. ಆಗ ಪಟ್ಟಿ ಕಾಣಲೇಬೇಕು, ಕಾಣದಿದ್ದರೆ ದೋಷ ಹಾಳೆಯದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕಿರಣವನ್ನಾಗಲಿ ಹೊಳೆಯುವ ತಾಮ್ರದಿಂದ ಚಿಮ್ಮಿದ ಬೆಳಕನ್ನಾಗಲಿ ಮಕ್ಕಳು ನೇರವಾಗಿ ನೋಡದಂತೆ ಎಚ್ಚರ ಬೇಕು. ಒಂದು ಮಾತು ಮಕ್ಕಳಿಗೆ ಪ್ರಾಮಾಣಿಕವಾಗಿ ಹೇಳಿಬಿಡಬೇಕು. 1 ಮಿಲಿವ್ಯಾಟ್ ಪಾಯಿಂಟರಿನಿಂದ ಸೆಕೆಂಡಿಗೆ 1ರ ಮುಂದೆ 15 ಸೊನ್ನೆ ಇಟ್ಟದ್ದಕ್ಕಿಂತ ಹೆಚ್ಚು ಬೆಳಕಿನ ಕಣಗಳು ಹೊರಡುತ್ತವೆ, ಇಷ್ಟು ಬೆಳಕಿಗೆ ಹಳೆಯ ಅಲೆಯ ಸಿದ್ಧಾಂತವೇ ಸಾಕು. ಕಣಗಳನ್ನು ಒಂದೊಂದಾಗಿ ಬಿಟ್ಟಾಗಲೂ ಇದೇ ವಿನ್ಯಾಸ ಚುಕ್ಕಿಚುಕ್ಕಿಯಾಗಿ ಕೂಡಿಬರುತ್ತದೆ ಎಂಬುದು ಕ್ವಾಂಟಂ ಸಂಗತಿ. ಎರಡರಲ್ಲೂ ಪಟ್ಟಿ ಅಳಿಸುವುದು ಹಾಳೆಯ ಗುರುತು, ನೋಡುವವರ ಮನಸ್ಸಲ್ಲ.

ಇಲ್ಲಿ ವೇದಾಂತದ ‘ಸಾಕ್ಷಿ’ಯನ್ನು ತರುವ ರೂಢಿಯ ಬಗ್ಗೆ ಹೇಳಲೇಬೇಕು. ಎಡನೀರು ಮಠದಂಥ ಅದ್ವೈತ ಪರಂಪರೆಯ ನೆಲೆಯಿರುವ ಜಿಲ್ಲೆ ನಮ್ಮದು, ಸಾಕ್ಷಿ ಎಂಬ ಪದದ ತೂಕ ಇಲ್ಲಿಯವರಿಗೆ ಗೊತ್ತು. ಅದ್ವೈತದ ಸಾಕ್ಷಿ ಏನನ್ನೂ ಮಾಡುವುದಿಲ್ಲ. ಅದು ನಿಷ್ಕ್ರಿಯ, ನಿರ್ಲಿಪ್ತ, ಕಂಡದ್ದಕ್ಕೆ ಅಂಟಿಕೊಳ್ಳದು, ಕಂಡದ್ದನ್ನು ಬದಲಿಸದು. ಕ್ವಾಂಟಂ ಅಳತೆಯಾದರೋ ಪೂರ್ತಿ ಅಂಟಿಕೊಳ್ಳುವ ಕ್ರಿಯೆ: ಅನಿಲದ ಅಣು ಬಡಿಯಬೇಕು, ಬೆಳಕು ಹೊರಡಬೇಕು, ಹಾಳೆ ಗುರುತು ಒತ್ತಬೇಕು. ಎರಡನ್ನೂ ಒಂದೆನ್ನುವುದರಿಂದ ಭೌತವಿಜ್ಞಾನಕ್ಕೆ ಆಗುವಷ್ಟೇ ಅನ್ಯಾಯ ವೇದಾಂತಕ್ಕೂ ಆಗುತ್ತದೆ.

ಕ್ವಾಂಟಂ ಬಹುವಿಶ್ವದ ಮೂಲ ಹ್ಯೂ ಎವರೆಟ್ 1957ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಜಾನ್ ವೀಲರ್ ಅವರ ಕೈಕೆಳಗೆ ಬರೆದ ಪ್ರಬಂಧ. ಎವರೆಟ್ ವೀಕ್ಷಕನನ್ನು ಹೇಗೆ ವರ್ಣಿಸಿದರು ಎಂಬುದನ್ನು ನಮ್ಮ ಬರಹಗಳು ಹೇಳುವುದೇ ಇಲ್ಲ. ಅವರ ವೀಕ್ಷಕ ಕಂಡದ್ದನ್ನು ನೆನಪಿನಲ್ಲಿ ದಾಖಲಿಸಿಕೊಳ್ಳುವ ಒಂದು ಯಂತ್ರ, ಅಷ್ಟೇ. ಅಳತೆಯ ಬಳಿಕ ಯಂತ್ರದ ನೆನಪೂ ಕಣದ ಸ್ಥಿತಿಯೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಸಾಧ್ಯವಿರುವ ಒಂದೊಂದು ಉತ್ತರಕ್ಕೂ ಜಗತ್ತಿನ ಒಂದೊಂದು ಕವಲು ಒಡೆಯುತ್ತದೆ, ಪ್ರತಿಯೊಂದು ಕವಲಿನಲ್ಲೂ ಯಂತ್ರಕ್ಕೆ ಒಂದೊಂದು ಉತ್ತರ ನೆನಪಿರುತ್ತದೆ. ವೀಕ್ಷಕನಿಗೆ ಯಾವ ವಿಶೇಷ ಅಧಿಕಾರವನ್ನೂ ಕೊಡದೆ, ಅವನನ್ನೂ ಅದೇ ಸಮೀಕರಣದೊಳಗೆ ಕೂರಿಸಿದ್ದು ಈ ಸಿದ್ಧಾಂತದ ಹೆಚ್ಚುಗಾರಿಕೆ.

ಕಷ್ಟ ಬರುವುದು ಎಣಿಕೆಯಲ್ಲಿ. ‘ಮೇಲೆ’ ಎಂಬ ಉತ್ತರಕ್ಕೆ ಶೇಕಡಾ 90, ‘ಕೆಳಗೆ’ ಎಂಬುದಕ್ಕೆ ಶೇಕಡಾ 10 ಸಂಭವ ಇರುವಂತೆ ಕಣವನ್ನು ಸಿದ್ಧಮಾಡಿ 100 ಸಲ ಅಳೆಯೋಣ. ಪ್ರತಿ ಸಲ ಎರಡು ಕವಲು, ಒಟ್ಟು 2ರ 100ನೇ ಘಾತ, ಅಂದರೆ 1ರ ಮುಂದೆ 30 ಸೊನ್ನೆ ದಾಟಿದಷ್ಟು ಕವಲುಗಳು. ಕವಲುಗಳ ತಲೆ ಎಣಿಸಿದರೆ ಬಹುಪಾಲು ಕವಲುಗಳಲ್ಲಿ ‘ಮೇಲೆ’ ಬಂದದ್ದು ಸುಮಾರು 50 ಸಲ. ಪ್ರಯೋಗಾಲಯದಲ್ಲಿ ಸಿಗುವುದು ಸುಮಾರು 90. ಹಾಗಾಗಿ ‘ಎಲ್ಲ ಲೋಕಗಳೂ ಸಮಾನ, ನಾವು ಯಾವುದೋ ಒಂದರಲ್ಲಿದ್ದೇವೆ’ ಎಂಬ ಜನಪ್ರಿಯ ವಿವರಣೆ ಪ್ರಯೋಗಕ್ಕೇ ವಿರುದ್ಧ. ಪ್ರತಿ ಕವಲಿಗೂ ಅದರ ಅಲೆಯ ಎತ್ತರದ ವರ್ಗದಷ್ಟು ತೂಕ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಆ ತೂಕವನ್ನು ಏಕೆ ಕೊಡಬೇಕು ಎಂಬುದಕ್ಕೆ ಡೇವಿಡ್ ಡಾಯ್ಚ್ 1999ರಲ್ಲಿ ಒಂದು ವಾದ ಮುಂದಿಟ್ಟರು. ಅದು ಎಲ್ಲರನ್ನೂ ಒಪ್ಪಿಸಿಲ್ಲ. ಎವರೆಟ್ ಮತಕ್ಕೆ ಇದೇ ಮುಖ್ಯ ಪರೀಕ್ಷೆ ಎಂದು ನನ್ನ ಅಭಿಪ್ರಾಯ. ಅನೇಕ ಲೋಕಗಳನ್ನು ನಂಬುವುದು ಕಷ್ಟ ಎಂಬ ಸಾಮಾನ್ಯ ಆಕ್ಷೇಪ ಅದರ ಮುಂದೆ ಹಗುರ.

ಎರಡನೆಯ ಅರ್ಥಕ್ಕೆ ಕನ್ನಡದಲ್ಲಿ ಸಿದ್ಧವಾದ ಒಂದು ಮಾತೇ ಇದೆ: ಬಲೆಯ ಕಣ್ಣು. ಬಲೆಯ ಸಂದನ್ನು ನಮ್ಮ ಭಾಷೆ ಕಣ್ಣೆಂದು ಕರೆದಿರುವುದು ಈ ವಿಷಯಕ್ಕಾಗಿಯೇ ಎನ್ನುವಷ್ಟು ಸರಿಯಾಗಿ ಹೊಂದುತ್ತದೆ. ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ 1939ರಲ್ಲಿ ಒಂದು ದೃಷ್ಟಾಂತ ಕೊಟ್ಟಿದ್ದರು. ಎರಡು ಇಂಚಿನ ಕಣ್ಣಿನ ಬಲೆ ಬೀಸುವವನೊಬ್ಬ, ಸಿಕ್ಕ ಮೀನುಗಳನ್ನೆಲ್ಲ ಅಳೆದು, ಕಡಲಿನಲ್ಲಿ ಎರಡು ಇಂಚಿಗಿಂತ ಚಿಕ್ಕ ಮೀನೇ ಇಲ್ಲ ಎಂಬ ನಿಯಮ ಬರೆಯುತ್ತಾನೆ. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಯಾವ ಮೀನುಗಾರನೂ ಈ ತಪ್ಪು ಮಾಡಲಾರ. ದೊಡ್ಡ ಕಣ್ಣಿನ ಬಲೆಯಲ್ಲಿ ಬೂತಾಯಿ ಸಿಗದಿದ್ದರೆ ಕಡಲಿನಲ್ಲಿ ಬೂತಾಯಿ ಇಲ್ಲವೆಂದು ಅವನು ಹೇಳುವುದಿಲ್ಲ. ವಿಶ್ವವಿಜ್ಞಾನದಲ್ಲಿ ಮಾತ್ರ ಈ ತಪ್ಪನ್ನು ದೊಡ್ಡ ದೊಡ್ಡವರೂ ಮಾಡಿದ್ದಾರೆ.

ಪಾಲ್ ಡಿರಾಕ್ 1937ರಲ್ಲಿ ಒಂದು ಕಾಕತಾಳೀಯವನ್ನು ಗಮನಿಸಿದರು. ಪ್ರೋಟಾನು ಇಲೆಕ್ಟ್ರಾನುಗಳ ನಡುವಿನ ವಿದ್ಯುತ್ ಸೆಳೆತ ಅವುಗಳ ಗುರುತ್ವ ಸೆಳೆತದ ಸುಮಾರು 1ರ ಮುಂದೆ 39 ಸೊನ್ನೆಯಷ್ಟು ಪಟ್ಟು. ವಿಶ್ವದ ವಯಸ್ಸನ್ನು ಪರಮಾಣುವಿನ ಕಾಲಮಾನದಲ್ಲಿ ಅಳೆದರೂ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಸಂಖ್ಯೆ. ವಯಸ್ಸು ಬೆಳೆಯುತ್ತ ಹೋಗುವುದರಿಂದ ಗುರುತ್ವವೇ ಕ್ಷೀಣಿಸುತ್ತಿರಬೇಕೆಂದು ಡಿರಾಕ್ ಊಹಿಸಿದರು. 1961ರಲ್ಲಿ ರಾಬರ್ಟ್ ಡಿಕಿ ಬೇರೆ ಉತ್ತರ ಕೊಟ್ಟರು. ವಿಶ್ವದ ವಯಸ್ಸನ್ನು ಕೇಳುವವರು ಹುಟ್ಟಬೇಕಾದರೆ ಮೊದಲು ನಕ್ಷತ್ರಗಳ ಒಡಲಲ್ಲಿ ಕಾರ್ಬನ್ ಬೆಂದು ಹೊರಬರಬೇಕು, ನಕ್ಷತ್ರಗಳೆಲ್ಲ ಆರಿಹೋಗಿಯೂ ಇರಬಾರದು. ನಕ್ಷತ್ರದ ಆಯುಸ್ಸನ್ನು ನಿರ್ಧರಿಸುವುದೇ ಆ ಎರಡು ಸೆಳೆತಗಳ ಅನುಪಾತ. ಹಾಗಾಗಿ ಕೇಳುವವರಿರುವ ಕಾಲದಲ್ಲಿ ಎರಡು ಸಂಖ್ಯೆಗಳೂ ಹೊಂದಲೇಬೇಕು, ಗುರುತ್ವ ಕ್ಷೀಣಿಸಬೇಕಾಗಿಲ್ಲ. ಕೊಪರ್ನಿಕಸ್‌ನ 500ನೇ ಜನ್ಮವರ್ಷದ ಅಂಗವಾಗಿ 1973ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ನಡೆದ ಸಭೆಯಲ್ಲಿ ಬ್ರಾಂಡನ್ ಕಾರ್ಟರ್ ಈ ಬಗೆಯ ತರ್ಕಕ್ಕೆ ಆಂಥ್ರೋಪಿಕ್ ತತ್ತ್ವ ಎಂಬ ಹೆಸರಿಟ್ಟರು. ಹೆಸರಿನಲ್ಲಿ ಮನುಷ್ಯ (ಗ್ರೀಕಿನಲ್ಲಿ ‘ಆಂಥ್ರೋಪೋಸ್’) ಇರುವುದರಿಂದ ಓದುಗರು ದಾರಿ ತಪ್ಪುತ್ತಾರೆ. ಬಲೆಯ ಕಣ್ಣು ಮೀನನ್ನು ಹುಟ್ಟಿಸುವುದಿಲ್ಲ, ದೋಣಿಗೆ ಯಾವುದು ಬರುತ್ತದೆ ಎಂಬುದನ್ನು ಮಾತ್ರ ನಿರ್ಧರಿಸುತ್ತದೆ.

ಈ ತತ್ತ್ವಕ್ಕೆ ಉದಾಹರಣೆಯಾಗಿ ಫ್ರೆಡ್ ಹಾಯ್ಲ್ ಅವರ ಕಾರ್ಬನ್ ಕಥೆಯನ್ನು ಎಲ್ಲೆಲ್ಲೂ ಹೇಳುತ್ತಾರೆ: 1953ರಲ್ಲಿ ಅವರು ಕಾರ್ಬನ್ ಪರಮಾಣುವಿನ ಬೀಜಕ್ಕೆ (ನ್ಯೂಕ್ಲಿಯಸ್ಸಿಗೆ) 7.65 ದಶಲಕ್ಷ ಇಲೆಕ್ಟ್ರಾನ್‌ವೋಲ್ಟ್ ಸುಮಾರಿಗೆ ಒಂದು ಶಕ್ತಿಮಟ್ಟ ಇರಲೇಬೇಕೆಂದರು, ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯವರು ಹುಡುಕಿದಾಗ ಅದು ಸಿಕ್ಕಿತು. ಘಟನೆ ನಿಜ. ಆದರೆ ಹಾಯ್ಲ್ ಆಗ ವಾದಿಸಿದ್ದು ನಕ್ಷತ್ರಗಳಲ್ಲಿ ಕಾರ್ಬನ್ ಹೇರಳವಾಗಿದೆ ಎಂಬ ಅಳತೆಯಿಂದ. ‘ನಾವಿದ್ದೇವೆ’ ಎಂಬುದು ಆ ವಾದಕ್ಕೆ ಬೇಕಾಗಿರಲಿಲ್ಲ, ಆಂಥ್ರೋಪಿಕ್ ಬಣ್ಣ ಆಮೇಲೆ ಬಂತು.

ಬಲೆಯ ಕಣ್ಣಿನ ತರ್ಕ ನಿಜವಾಗಿ ಫಲ ಕೊಟ್ಟದ್ದು ಸ್ಟೀವನ್ ವೈನ್‌ಬರ್ಗ್ ಅವರ ಕೈಯಲ್ಲಿ. ಖಾಲಿ ಜಾಗಕ್ಕೂ ಶಕ್ತಿಯಿರಬೇಕೆಂದು ಕ್ವಾಂಟಂ ಸಿದ್ಧಾಂತ ಹೇಳುತ್ತದೆ, ಆದರೆ ಅದರ ಸಾದಾ ಅಂದಾಜು ನಿಜವಾದುದಕ್ಕಿಂತ ಸುಮಾರು 1ರ ಮುಂದೆ 120 ಸೊನ್ನೆಯಷ್ಟು ಪಟ್ಟು ಹೆಚ್ಚು. 1987ರಲ್ಲಿ ವೈನ್‌ಬರ್ಗ್ ಹೀಗೆ ಕೇಳಿದರು: ಈ ಶಕ್ತಿ ವಿಶ್ವದಿಂದ ವಿಶ್ವಕ್ಕೆ ಬೇರೆಯಾಗಿದ್ದರೆ, ಗೆಲಾಕ್ಸಿಗಳು ಕೂಡಿಕೊಳ್ಳಲು ಸಾಧ್ಯವಿರುವ ವಿಶ್ವಗಳಲ್ಲಿ ಅದು ಎಷ್ಟಿರಬಹುದು? ಹೆಚ್ಚಾದರೆ ಹಿಗ್ಗುವಿಕೆ ವೇಗವಾಗಿ, ಅನಿಲ ಮುದ್ದೆಗಟ್ಟುವ ಮೊದಲೇ ಚೆದುರಿಹೋಗುತ್ತದೆ. ಋಣ ದಿಕ್ಕಿನಲ್ಲಿ ಹೆಚ್ಚಾದರೆ ವಿಶ್ವವೇ ಬೇಗ ಕುಸಿಯುತ್ತದೆ. ಇಂದಿನ ವಸ್ತುಸಾಂದ್ರತೆಯ ಕೆಲವು ನೂರು ಪಟ್ಟಿಗಿಂತ ಅದು ಹೆಚ್ಚಿರಲಾರದು ಎಂಬುದು ಅವರ ಲೆಕ್ಕ. 1998ರಲ್ಲಿ ಸೂಪರ್‌ನೋವಾಗಳ, ಅಂದರೆ ಸಿಡಿದ ನಕ್ಷತ್ರಗಳ, ಅಳತೆಯಿಂದ ಖಾಲಿ ಜಾಗದ ಶಕ್ತಿಯಂತೆಯೇ ವರ್ತಿಸುವ ಡಾರ್ಕ್ ಎನರ್ಜಿ ಪತ್ತೆಯಾಯಿತು, ಅದರ ಪ್ರಮಾಣ ವಸ್ತುವಿನ ಎರಡು ಪಟ್ಟಿಗಿಂತ ತುಸು ಹೆಚ್ಚು. ಆ ಶೋಧಕ್ಕೆ 2011ರ ನೊಬೆಲ್ ಬಂತು. ಅದೇ 1998ರಲ್ಲಿ ವೈನ್‌ಬರ್ಗ್ ಸಂಗಡಿಗರೊಂದಿಗೆ ಸೂಕ್ಷ್ಮವಾಗಿ ಲೆಕ್ಕ ಹಾಕಿ, ಇಷ್ಟು ಚಿಕ್ಕ ಬೆಲೆಯನ್ನು ಕಾಣುವ ಸಂಭವ ಶೇಕಡಾ 5ರಿಂದ 12 ಎಂದರು. ಅಚ್ಚರಿಪಡುವಷ್ಟು ಅಪರೂಪವಲ್ಲ.

ಈ ಲೆಕ್ಕದಲ್ಲಿ ವೀಕ್ಷಕ ಯಾರು? ಗೆಲಾಕ್ಸಿಯೊಂದೇ. ಜೀವದ ಬಗ್ಗೆ, ಪ್ರಜ್ಞೆಯ ಬಗ್ಗೆ ಒಂದಕ್ಷರವೂ ಬೇಕಾಗಲಿಲ್ಲ. ಲೆಕ್ಕದ ದುರ್ಬಲ ಜಾಗವನ್ನೂ ಹೇಳಬೇಕು. ಖಾಲಿ ಜಾಗದ ಶಕ್ತಿ ಮಾತ್ರ ಬದಲಾಗುತ್ತದೆ, ಉಳಿದದ್ದೆಲ್ಲ ಇಲ್ಲಿಯಂತೆಯೇ ಇದೆ ಎಂದು ಇಟ್ಟುಕೊಂಡಿದ್ದಾರೆ. ಆರಂಭದ ವಿಶ್ವದ ಸಾಂದ್ರತೆಯ ಏರಿಳಿತ ಇಲ್ಲಿ ಸುಮಾರು ಲಕ್ಷಕ್ಕೆ ಒಂದು ಭಾಗ. ಅದೂ ಬದಲಾಗಬಹುದಾದರೆ ಕಥೆ ಬೇರೆ. ಏರಿಳಿತ 10 ಪಟ್ಟಾದರೆ ಗೆಲಾಕ್ಸಿಗಳು ಬಹಳ ಬೇಗ ಕೂಡಿಕೊಳ್ಳುತ್ತವೆ, ವೈನ್‌ಬರ್ಗ್ ಹಾಕಿದ ಮಿತಿ ಅದರ ಘನದಂತೆ, ಅಂದರೆ 1000 ಪಟ್ಟು, ಸಡಿಲವಾಗುತ್ತದೆ. ಬಲೆಯ ಕಣ್ಣು ಎಷ್ಟು ದೊಡ್ಡದೆಂದು ತಿಳಿದರೆ ಸಾಲದು, ಕಡಲಿನಲ್ಲಿ ಯಾವ ಗಾತ್ರದ ಮೀನು ಎಷ್ಟೆಷ್ಟಿದೆ ಎಂಬುದೂ ತಿಳಿಯಬೇಕು.

ಅದನ್ನು ಹೇಳಬೇಕಾದದ್ದು ಸರ್ವಸಿದ್ಧಾಂತ. ಆ ಸ್ಥಾನಕ್ಕೆ ಹೆಚ್ಚು ಕೇಳಿಬಂದ ಹೆಸರು, ಕಣಗಳನ್ನೆಲ್ಲ ಅತಿಸೂಕ್ಷ್ಮ ತಂತಿಗಳ ಕಂಪನವೆಂದು ನೋಡುವ ಸ್ಟ್ರಿಂಗ್ ಸಿದ್ಧಾಂತ. ಒಂದೇ ಒಂದು ವಿಶ್ವವನ್ನು, ಅದರ ಎಲ್ಲ ಸ್ಥಿರಾಂಕಗಳೊಂದಿಗೆ, ಅದು ಗಣಿತದಿಂದಲೇ ಹೊರಡಿಸುತ್ತದೆ ಎಂಬ ಆಸೆ ಮೊದಲಿತ್ತು. 2000ದಲ್ಲಿ ರಾಫೆಲ್ ಬೂಸೊ ಮತ್ತು ಜೋಸೆಫ್ ಪೋಲ್ಚಿನ್‌ಸ್ಕಿ ಬೇರೆ ಚಿತ್ರ ಕೊಟ್ಟರು. ಆ ಸಿದ್ಧಾಂತ ಹೇಳುವ, ಕಣ್ಣಿಗೆ ಕಾಣದಂತೆ ಸುರುಳಿಸುತ್ತಿದ ಹೆಚ್ಚಿನ ಆಯಾಮಗಳಲ್ಲಿ ನೂರಾರು ತಿರುಪುಗಳಿವೆ, ಪ್ರತಿಯೊಂದನ್ನೂ ಹಲವು ಸ್ಥಾನಗಳಲ್ಲಿ ನಿಲ್ಲಿಸಬಹುದು. 500 ತಿರುಪು, ಒಂದೊಂದಕ್ಕೆ 10 ಸ್ಥಾನ ಎಂದಿಟ್ಟುಕೊಂಡರೆ ಸಾಧ್ಯತೆಗಳು 1ರ ಮುಂದೆ 500 ಸೊನ್ನೆ. 2003ರಲ್ಲಿ ಶಮಿತ್ ಕಚ್ರು, ರೆನಾಟಾ ಕಲ್ಲೋಶ್, ಆಂಡ್ರೇ ಲಿಂಡೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಂದೀಪ್ ತ್ರಿವೇದಿ, ನಮ್ಮದರಂತೆ ಹಿಗ್ಗುವ ವಿಶ್ವಗಳನ್ನು ಈ ತಿರುಪುಗಳಿಂದ ಕಟ್ಟುವ ಬಗೆಯನ್ನು ತೋರಿಸಿದರು. ಅಂಥ ವಿಶ್ವಗಳು ಸಿದ್ಧಾಂತದೊಳಗೆ ನಿಜಕ್ಕೂ ಗಟ್ಟಿಯಾಗಿ ನಿಲ್ಲುತ್ತವೆಯೇ ಎಂಬ ಬಗ್ಗೆ 2018ರಿಂದ ಜೋರಾದ ವಾದ ನಡೆದಿದೆ.

ನಿಲ್ಲುತ್ತವೆಂದೇ ಇಟ್ಟುಕೊಂಡರೆ, ಸರ್ವಸಿದ್ಧಾಂತವೊಂದು ಕೈಗೆ ಬಂದ ದಿನವೂ ಅದರಿಂದ ನೇರವಾಗಿ ಇಲೆಕ್ಟ್ರಾನಿನ ತೂಕ ಹೊರಡುವುದಿಲ್ಲ. ಗ್ರಹಣದ ನಿಯಮವೊಂದರಿಂದಲೇ ಉಂಗುರ ಹೊರಡದ ಹಾಗೆ. ನಾವು ಯಾವ ವಿಶ್ವದಲ್ಲಿದ್ದೇವೆ ಎಂಬ ವಿಳಾಸವನ್ನು ಸೇರಿಸಬೇಕು, ಅದನ್ನು ಸಿದ್ಧಾಂತ ತಾನಾಗಿ ಕೊಡುವುದಿಲ್ಲ. ವೀಕ್ಷಕನ ಮೂರನೆಯ ಅರ್ಥ ಇದು: ಜಗತ್ತಿನ ಪೂರ್ತಿ ನಕ್ಷೆಯ ಮೇಲೆ ‘ಇಲ್ಲಿ’ ಎಂದು ಇಡುವ ಚುಕ್ಕಿ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿ, ನೆಲ ಕದಲದೆ ವಿಳಾಸ ಬದಲಾದ ನಮ್ಮ ಊರಿನವರಿಗೆ ನಕ್ಷೆ ಬೇರೆ, ಚುಕ್ಕಿ ಬೇರೆ ಎಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವಿಳಾಸ ಖಚಿತವಾಗಿ ತಿಳಿಯದಿದ್ದಾಗ ಸಂಭವವನ್ನಾದರೂ ಹೇಳೋಣವೆಂದರೆ ಅನಂತದ ತೊಡಕು ಎದುರಾಗುತ್ತದೆ. ಅಲೆಕ್ಸಾಂಡರ್ ವಿಲೆಂಕಿನ್ 1983ರಲ್ಲಿ, ಲಿಂಡೆ 1986ರಲ್ಲಿ ತೋರಿಸಿದಂತೆ, ಆದಿಯ ಮಹಾ ಹಿಗ್ಗುವಿಕೆ ಒಮ್ಮೆ ಶುರುವಾದರೆ ಎಲ್ಲೋ ಒಂದು ಕಡೆ ಮುಂದುವರಿಯುತ್ತಲೇ ಇದ್ದು ಮರಿವಿಶ್ವಗಳನ್ನು ಕೊನೆಯಿಲ್ಲದೆ ಹುಟ್ಟಿಸುತ್ತದೆ. ಅನಂತದಲ್ಲಿ ಅನುಪಾತ ಎಂಬುದಕ್ಕೆ ತಾನಾಗಿ ಅರ್ಥವಿಲ್ಲ. ಒಂದು ಹಾಳೆಯಲ್ಲಿ 1, 2, 3, 4 ಎಂದು ಬರೆಯುತ್ತ ಹೋದರೆ ಅರ್ಧದಷ್ಟು ಸಮಸಂಖ್ಯೆಗಳು. ಅವನ್ನೇ 1, 3, 2, 5, 7, 4, 9, 11, 6 ಎಂದು ಎರಡು ಬೆಸಕ್ಕೊಂದು ಸಮದಂತೆ ಬರೆಯುತ್ತ ಹೋಗಿ. ಯಾವ ಸಂಖ್ಯೆಯೂ ಬಿಟ್ಟುಹೋಗುವುದಿಲ್ಲ, ಎರಡು ಸಲ ಬರುವುದೂ ಇಲ್ಲ, ಆದರೆ ಸಮಸಂಖ್ಯೆಗಳ ಪಾಲು ಮೂರನೇ ಒಂದು. ಡಬ್ಬಿಯಲ್ಲಿ 1000 ಅಡಿಕೆ ಇಟ್ಟು ಯಾವ ಕ್ರಮದಲ್ಲಿ ಎಣಿಸಿದರೂ ಗೋಟು ಎಷ್ಟು, ಚಾಲಿ ಎಷ್ಟು ಎಂಬುದು ಬದಲಾಗದು. ಡಬ್ಬಿಗೆ ತಳವೇ ಇಲ್ಲದಾಗ ಉತ್ತರವನ್ನು ಕೊಡುವುದು ಎಣಿಸುವ ಕ್ರಮ. ಅನಂತ ವಿಶ್ವಗಳನ್ನು ಯಾವ ಕ್ರಮದಲ್ಲಿ ಎಣಿಸಬೇಕು ಎಂಬುದಕ್ಕೆ ಒಪ್ಪಿತವಾದ ನಿಯಮ ಇಂದಿಗೂ ಇಲ್ಲ. ವಿಜ್ಞಾನಿಗಳು ಇದನ್ನು ‘ಮೆಷರ್ ಸಮಸ್ಯೆ’ ಎನ್ನುತ್ತಾರೆ. ಬಹುವಿಶ್ವದ ಬಗ್ಗೆ ಬರೆಯುವವರು ಇದನ್ನು ಬಿಟ್ಟರೆ ಅಡಿಪಾಯವನ್ನೇ ಬಿಟ್ಟಂತೆ.

ಕೆಲವು ಎಣಿಕೆಯ ಕ್ರಮಗಳು ತಪ್ಪೆಂದು ಮಾತ್ರ ಖಂಡಿತ ಹೇಳಬಹುದು. ಗಡಿಯಾರದ ಕಾಲವನ್ನೇ ಅಳತೆಗೋಲಾಗಿಟ್ಟು, ಇಂಥ ಕ್ಷಣದವರೆಗೆ ಹುಟ್ಟಿದ್ದನ್ನೆಲ್ಲ ಎಣಿಸುವುದು ಸಹಜವಾದ ಕ್ರಮವೆಂದು ತೋರುತ್ತದೆ. ಅಲನ್ ಗೂತ್ ತೋರಿಸಿದಂತೆ ಒಂದೇ ಸೆಕೆಂಡಿನಲ್ಲಿ ಮರಿವಿಶ್ವಗಳು ಎಷ್ಟು ಪಟ್ಟು ಹೆಚ್ಚುತ್ತವೆಂದರೆ, ಆ ಸಂಖ್ಯೆಯನ್ನು ಬರೆಯಲು ಬೇಕಾಗುವ ಅಂಕಿಗಳೇ 1ರ ಮುಂದೆ 36 ಸೊನ್ನೆ ದಾಟುತ್ತವೆ. ಅಂದರೆ ನಮ್ಮದಕ್ಕಿಂತ ಒಂದು ಸೆಕೆಂಡು ಎಳೆಯ ವಿಶ್ವಗಳೇ ಅಷ್ಟು ಪಟ್ಟು ಹೆಚ್ಚು. ವೀಕ್ಷಕರಲ್ಲಿ ಬಹುಮಂದಿ ಸಾಧ್ಯವಾದಷ್ಟು ಎಳೆಯ, ಇನ್ನೂ ಬಿಸಿಯಾದ ವಿಶ್ವದಲ್ಲಿ ಇರಬೇಕಾಗುತ್ತದೆ. ನಮ್ಮ ವಿಶ್ವಕ್ಕೆ 1380 ಕೋಟಿ ವರ್ಷ, ಅದರ ಹಿನ್ನೆಲೆ ವಿಕಿರಣದ ತಾಪ 2.725 ಕೆಲ್ವಿನ್. ಆ ಕ್ರಮವನ್ನು ಕೈಬಿಡಬೇಕಾಯಿತು. ಇನ್ನೊಂದು ಬಗೆಯ ತಪ್ಪು ಬೋಲ್ಟ್ಸ್‌ಮನ್ ಮಿದುಳು ಎಂಬುದು. ವಿಶ್ವ ಹೀಗೆಯೇ ಅನಂತಕಾಲ ಹಿಗ್ಗುತ್ತಿದ್ದರೆ, ಶೂನ್ಯದ ಆಕಸ್ಮಿಕ ಕಂಪನಗಳಿಂದಲೇ ಸುಳ್ಳು ನೆನಪುಗಳೊಂದಿಗೆ ಕ್ಷಣಕಾಲ ಮೂಡಿ ಅಳಿಯುವ ಮಿದುಳುಗಳು, ವಿಕಾಸದಿಂದ ಬಂದ ವೀಕ್ಷಕರನ್ನು ಎಣಿಕೆಯಲ್ಲಿ ಮೀರಿಸುತ್ತವೆ. ಅಂಥ ಮಿದುಳಿನ ನೆನಪುಗಳಿಗೆ ಕಾರಣವಿಲ್ಲ. ಹಾಗಾಗಿ ಅದು ಕಲಿತೆನೆಂದುಕೊಂಡ ಭೌತವಿಜ್ಞಾನಕ್ಕೂ ಆಧಾರವಿಲ್ಲ. ‘ನೀನು ಬಹುಶಃ ಅಂಥ ಮಿದುಳು’ ಎನ್ನುವ ಸಿದ್ಧಾಂತ ತನ್ನನ್ನು ನಂಬಲು ಇದ್ದ ಕಾರಣವನ್ನೇ ಅಳಿಸಿಹಾಕುತ್ತದೆ. ಇಂಥ ಸಿದ್ಧಾಂತಗಳನ್ನು ತಳ್ಳಿಹಾಕಬಹುದು ಎಂಬುದರಿಂದ, ಬಹುವಿಶ್ವದ ಬಗ್ಗೆ ಏನು ಬೇಕಾದರೂ ಹೇಳಬಹುದು ಎಂಬ ದೂರು ಪೂರ್ತಿ ನಿಜವಲ್ಲವೆಂದೂ ತಿಳಿಯುತ್ತದೆ.

ಇನ್ನೊಂದು ಸಂಗತಿ. ಪ್ರಯೋಗಾಲಯದಲ್ಲಿ ವೀಕ್ಷಕ ಹೊರಗಿರುತ್ತಾನೆ, ಉಪಕರಣ ಒಳಗೆ. ಇಡೀ ವಿಶ್ವವೇ ಉಪಕರಣವಾದಾಗ ಹೊರಗೆಂಬುದಿಲ್ಲ. ಇಡೀ ವಿಶ್ವದ ಕ್ವಾಂಟಂ ಸ್ಥಿತಿಯನ್ನು ಹೇಳುವ 1967ರ ವೀಲರ್–ಡಿವಿಟ್ ಸಮೀಕರಣದಲ್ಲಿ ಇದು ವಿಚಿತ್ರವಾಗಿ ಕಾಣಿಸಿಕೊಳ್ಳುತ್ತದೆ: ಅದರಲ್ಲಿ ಕಾಲವೇ ಇಲ್ಲ, ವಿಶ್ವದ ಸ್ಥಿತಿ ಸ್ಥಿರ. ಡಾನ್ ಪೇಜ್ ಮತ್ತು ವಿಲಿಯಂ ವೂಟರ್ಸ್ 1983ರಲ್ಲಿ ಕೊಟ್ಟ ಪರಿಹಾರದಲ್ಲಿ ವಿಶ್ವದ ಒಂದು ಭಾಗವೇ ಗಡಿಯಾರ. ಒಟ್ಟು ಸ್ಥಿತಿ ಕದಲದಿದ್ದರೂ ಗಡಿಯಾರದ ಮುಳ್ಳು ಇಂಥಲ್ಲಿದ್ದಾಗ ಉಳಿದ ಭಾಗ ಹೇಗಿದೆ ಎಂದು ಒಳಗಿನಿಂದ ಕೇಳಿದರೆ ಬದಲಾವಣೆ ಕಾಣುತ್ತದೆ. 2013ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಹೆಣೆದುಕೊಂಡ ಎರಡು ಬೆಳಕಿನ ಕಣಗಳಿಂದ ಇದರ ಪುಟ್ಟ ಮಾದರಿ ಮಾಡಿದರು. ಒಂದರ ಧ್ರುವೀಕರಣವೇ ಗಡಿಯಾರ, ಅದಕ್ಕೆ ಹೋಲಿಸಿದರೆ ಇನ್ನೊಂದು ಬದಲಾಗುತ್ತದೆ, ಜೋಡಿಯನ್ನು ಒಟ್ಟಾಗಿ ಹೊರಗಿನಿಂದ ಅಳೆದರೆ ಏನೂ ಬದಲಾಗದು. ಸರ್ವಸಿದ್ಧಾಂತದಲ್ಲಿ ವೀಕ್ಷಕನಿಗೆ ಸಿಗುವ ನಿಜವಾದ ಗೌರವ ಇದು ಎಂದು ನನಗನಿಸುತ್ತದೆ. ಅವನು ಸೃಷ್ಟಿಸುವವನಲ್ಲ, ಹೊರಗೆ ನಿಂತು ನೋಡುವವನೂ ಅಲ್ಲ, ಒಳಗೇ ಇರುವ ಒಂದು ತುಣುಕು. ‘ಈಗ’ ಎಂಬ ಮಾತಿಗೆ ಅರ್ಥ ಬರುವುದು ಅಂಥ ತುಣುಕಿನಿಂದಲೇ.

ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟು. ‘ವೀಕ್ಷಕ’ ಎಂಬ ಒಂದೇ ಪದವನ್ನು ಎಲ್ಲ ಕಡೆಗೂ ಬಳಸುವ ಬದಲು, ಕ್ವಾಂಟಂ ಪ್ರಯೋಗದ ಮಾತು ಬಂದಾಗ ದಾಖಲೆ ಎಂದೂ, ಆಂಥ್ರೋಪಿಕ್ ತರ್ಕ ಬಂದಾಗ ಬಲೆಯ ಕಣ್ಣು ಅಥವಾ ಜರಡಿ ಎಂದೂ, ಸರ್ವಸಿದ್ಧಾಂತದ ಸಂದರ್ಭದಲ್ಲಿ ವಿಳಾಸ ಎಂದೂ ಬರೆಯಬಹುದೇ? ಬಹುವಿಶ್ವದ ಲೇಖನ ಬಂದರೆ ಅದು ಎವರೆಟ್‌ನ ಕವಲುಗಳೋ, ಹಿಗ್ಗುವಿಕೆಯ ಮರಿವಿಶ್ವಗಳೋ, ಸ್ಟ್ರಿಂಗ್ ತಿರುಪುಗಳ ಸಾಧ್ಯತೆಗಳೋ ಎಂದು ಲೇಖಕರನ್ನೇ ಕೇಳಿ ಮೊದಲ ಪ್ಯಾರಾದಲ್ಲಿ ಹೇಳಿಸಬೇಕು. ಮೂರರಲ್ಲೂ ಎಣಿಸುವ ವಸ್ತು ಬೇರೆ, ಎಣಿಸುವಲ್ಲಿನ ಕಷ್ಟವೂ ಬೇರೆ. ಮೇಲೆ ಹೇಳಿದ ತಾಮ್ರದ ಎಳೆಯ ಪ್ರಯೋಗವನ್ನು ಶಾಲಾ ಪುಟದಲ್ಲಿ ಚಿತ್ರಸಹಿತ ಮುದ್ರಿಸುವುದಾದರೆ ಮೂರನೇ ಹಾಳೆಯ ಅಕ್ಷವನ್ನು 45 ಡಿಗ್ರಿ ಎಂದು ಸ್ಪಷ್ಟವಾಗಿ ಗುರುತಿಸಿ. ಅದು 0 ಅಥವಾ 90ಕ್ಕೆ ಸರಿದುಹೋದರೆ ಒಂದೇ ಬದಿಯ ಬೆಳಕು ದಾಟಿ, ಪಟ್ಟಿಗಳು ಮರಳಿ ಬರುವುದಿಲ್ಲ.

ಇಂತು,
ಒಬ್ಬ ಭೌತವಿಜ್ಞಾನ ಅಧ್ಯಾಪಕ,
ಬದಿಯಡ್ಕ, ಕಾಸರಗೋಡು ಜಿಲ್ಲೆ